ಬೋರ್ಡಿಂಗ್ ಶಾಲೆಯಲ್ಲಿ ಗಂಡಸಾದವರು

ಕಾರ್ಖಾನೆಗಳ ನಡುವಿನ ನಾಚಾರಂ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಹಿರಿಯರೊಬ್ಬರು ಗುಡ್ಡದ ಮೇಲಿನ ಹಳೆಯ ಹುಡುಗರ ಬೋರ್ಡಿಂಗ್ ಶಾಲೆಯಲ್ಲಿ ಓದಿದವರು. ಐವತ್ತು ದಾಟಿದ್ದರೂ ಲಿಫ್ಟಿಗೆ ಕಾಯುವಾಗ ಪೆರೇಡಿಗೆ ನಿಂತಂತೆ ನಿಲ್ಲುತ್ತಿದ್ದರು. ಅಲ್ಲಿನ ತಣ್ಣೀರ ಸ್ನಾನ, ನಸುಕಿನ ಓಟ, ಬೆತ್ತದ ಏಟು ಎಲ್ಲವನ್ನೂ ಮದುವೆ ಊಟದಂತೆ ಬಣ್ಣಿಸುತ್ತಿದ್ದರು. ನನ್ನ ಮಗನನ್ನು ಕಂಡರೆ ಒಂದೇ ಮಾತು: "ಆ ಸಾಲಿಗೆ ಕಳಸ್ರಿ, ಗಂಡಸಾಗಿ ಬರ್ತಾನ."

ಹತ್ತು ವರ್ಷದ ಹುಡುಗ ಮನೆಯಲ್ಲೇ ಉಳಿದರೆ ಏನಾಗಿಬಿಡುತ್ತಾನೋ ಎಂದು ನನಗೆ ಚಿಂತೆ ಹತ್ತಿತು. ಚಿಂತೆ ಹತ್ತಲು ನನಗೆ ಇಷ್ಟು ಕಾರಣವೂ ಬೇಕಾಗುವುದಿಲ್ಲ.

ಆ ಶಾಲೆಯ ಅರ್ಜಿ ತುಂಬಲು ನೆರವಾಗಲೆಂದು ಒಂದು ಭಾನುವಾರ ಅವರನ್ನು ಊಟಕ್ಕೆ ಕರೆದೆ. ಜೋಳದ ರೊಟ್ಟಿ ಬಿದ್ದದ್ದೇ ತಡ, ಅವರ ಎಡಗೈ ತಟ್ಟೆಯ ಸುತ್ತ ಬೇಲಿಯಾಯಿತು. ನಾವು ಒಂದು ಮುಗಿಸುವುದರೊಳಗೆ ಅವರು ಮೂರು ಮುಗಿಸಿದ್ದರು. ಮಗ ಅವರ ಪಕ್ಕದಲ್ಲಿದ್ದ ಶೇಂಗಾ ಚಟ್ನಿಗೆ ಕೈಚಾಚಿದ. ಅವರು ತಟ್ಟೆಯನ್ನು ಎದೆಗೆಳೆದುಕೊಂಡು ಅವನ ಕೈಗೆ ಫಟ್ಟನೆ ಹೊಡೆದರು.

ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ತಪ್ಪಾತ್ರಿ. ಅಲ್ಲಿ ದೊಡ್ಡ ಹುಡುಗ್ರು ಕಸ್ಕೊಳ್ತಿದ್ರು."

"ಸಾವಕಾಶ ಉಣ್ರಿ ಅಂಕಲ್," ಎಂದ ಮಗ. "ಒಳಗ ಇನ್ನೂ ಭಾಳ ಅದಾವ."

ಹೆಂಡತಿ ಅರ್ಜಿಯನ್ನು ತೆಗೆದು ಬಿಸಿ ಪಲ್ಯದ ಪಾತ್ರೆಯ ಕೆಳಗಿಟ್ಟಳು.

ಮರುದಿನ ಅವರು ಅರ್ಜಿಯ ಬಗ್ಗೆ ಕೇಳಿದಾಗ ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ. ಗುಡ್ಡದ ಗಾಳಿ ಹುಡುಗನ ಎದೆಗೆ ಆಗಿಬರುವುದಿಲ್ಲ ಎಂದೆ, ಪಕ್ಕದ ಕಾರ್ಖಾನೆಯ ಹೊಗೆಗೆ ಕೆಮ್ಮುತ್ತಾ.