ಹೊಲದ ಬದುವಿನ ಗುಂಡಿ

ತೊಂಬತ್ತರ ದಶಕದ ಮಾತು. ನನ್ನ ಮಗಳಿಗೆ ನಾಲ್ಕು ವರ್ಷವಾದರೂ ನಿಲ್ಲಲು ಬರುತ್ತಿರಲಿಲ್ಲ. ಹುಟ್ಟಿದಾಗ ತಡವಾಗಿ ಅತ್ತ ಕೂಸು. ಕಾಲೆರಡೂ ಕತ್ತರಿಯಂತೆ ಬಿಗಿದುಕೊಳ್ಳುತ್ತಿದ್ದವು. ಹರಪನಹಳ್ಳಿಗೆ ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿ ಡಾಕ್ಟರಮ್ಮ ಅವನ್ನು ಎಳೆದು ಬಿಡಿಸುವುದನ್ನು ನನಗೆ ಕಲಿಸಿದರು. "ಅಂಗಳದಾಗ ಸೊಂಟದ ಮಟ ಗುಂಡಿ ತೋಡಿ, ಕೂಸನ್ನ ನಿಲ್ಲಿಸಿ ಸುತ್ತ ಉಸುಕು ತುಂಬ್ರಿ. ದಿನಾ ಅರ್ಧ ತಾಸು. ಈಗ ಬಿಟ್ರ ಕಾಲು ಹಂಗ ಸೆಟದು ಹೋಗತಾವು" ಎಂದರು.

ಹಾರೆ ಹಿಡಿದು ನಾನೇ ತೋಡಿದೆ. ಬೆಳಿಗ್ಗೆ ಕಾಲು ಎಳೆದು ಬಿಡಿಸಿ, ಶೇಂಗಾ ಹೊಲದ ಕಳೆ ತೆಗೆಯಲು ಹೋಗುತ್ತಿದ್ದೆ. ಗುಂಡಿಯಲ್ಲಿ ನಿಲ್ಲಿಸುವ ಕೆಲಸ ಅತ್ತೆಯದು. ಮೂರು ತಿಂಗಳಾದರೂ ಕಾಲಿಗೆ ಬಲ ಬರಲಿಲ್ಲ. ಡಾಕ್ಟರಮ್ಮ ನನ್ನನ್ನೇ ಗದರಿದರು. ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದೆ.

ಒಂದು ದಿನ ಬುತ್ತಿ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಗುಂಡಿಯ ಉಸುಕಿನಲ್ಲಿ ಕೋಳಿ ಹೊರಳಾಡುತ್ತಿತ್ತು. ಮಗಳು ಅತ್ತೆಯ ಕಂಕುಳಲ್ಲಿ ಕೂತು ಬೆಲ್ಲ ಚೀಪುತ್ತಿದ್ದಳು.

"ಅಳತಾಳಬೇ, ನೋಡಾಕ ಆಗವಲ್ದು" ಎಂದರು ಅತ್ತೆ.

ನನ್ನ ಗಂಡನೂ ತಡವಾಗಿ ನಡೆದವರೇ. ಹಲವಾಗಲಿನ ಹೊಳೆಯ ಉಸುಕು ತಂದು ಹೀಗೇ ಗುಂಡಿಯಲ್ಲಿ ನಿಲ್ಲಿಸಿದ್ದನ್ನು ಅತ್ತೆಯೇ ನೂರು ಸಲ ಹೇಳಿಕೊಂಡಿದ್ದರು. "ನಿಮ್ಮ ಮಗ ಅಳಲಿಲ್ಲೇನ್ರಿ?" ಎಂದೆ.

"ಅಂವ ಗಂಡು, ದುಡೀಬೇಕಿತ್ತು. ಇದು ಹೆಣ್ಣು. ನಡದು ಎಲ್ಲಿಗೆ ಹೋಗಬೇಕಾಗೈತಿ?"

ಮೈಯೆಲ್ಲ ಉರಿದುಹೋಯಿತು. ಹಾಗೆ ಹೇಳುತ್ತಲೇ ಅವರು ಮಗಳ ಬಾಯಿ ಒರೆಸುತ್ತಿದ್ದರು, ಪ್ರೀತಿಯಿಂದಲೇ. ಆ ಪ್ರೀತಿಗಿಷ್ಟು ಬೆಂಕಿ ಬೀಳಲಿ ಎನಿಸಿತು. ಕೂಸನ್ನು ಕಿತ್ತುಕೊಂಡೆ. ಮರುದಿನದಿಂದ ಹೊಲಕ್ಕೇ ಹೊತ್ತೊಯ್ದು, ಬದುವಿನ ಬೇವಿನ ನೆರಳಲ್ಲಿ ಇನ್ನೊಂದು ಗುಂಡಿ ತೋಡಿದೆ. ಅವಳು ಅಳುತ್ತಿದ್ದಳು, ನಾವು ಕಳೆ ಕೀಳುತ್ತಿದ್ದೆವು. ಸಾಲು ಮುಗಿಸಿ ಬಂದ ಹೆಂಗಸರು "ನೋಡ್ರಿ, ಹೆಂಗ ನಿಂತಾಳ ನಮ್ಮವ್ವ" ಎಂದು ರಮಿಸುತ್ತಿದ್ದರು.

ಎರಡು ವರ್ಷ ಹಿಡಿಯಿತು. ಒಂದು ಸಂಜೆ ಗೋಡೆ ಹಿಡಿದು, ಕಾಲೆಳೆಯುತ್ತ, ಬಾಗಿಲಿನಿಂದ ಒಲೆಯವರೆಗೆ ಬಂದಳು. ಅತ್ತೆ ಎತ್ತಿಕೊಳ್ಳಲು ಎರಡೂ ಕೈ ಚಾಚಿದರು.

"ಮುಟ್ಟಬ್ಯಾಡ್ರಿ!" ಎಂದು ಕಿರುಚಿದೆ.

ನನ್ನ ದನಿಗೆ ಬೆಚ್ಚಿ ಮಗಳು ಕುಸಿದು ಬಿದ್ದಳು. ಬೀಳಿಸಿದ್ದು ಅತ್ತೆಯಲ್ಲ, ನಾನು. ಆದರೂ ನಾನು ಅವರನ್ನೇ ದುರುಗುಟ್ಟಿಕೊಂಡು ನಿಂತಿದ್ದೆ. ಮಗಳು ಮತ್ತೆ ಗೋಡೆ ಹಿಡಿದು, ಯಾರ ಕೈಯೂ ಇಲ್ಲದೆ, ಮೊದಲ ಸಲ ತಾನೇ ಎದ್ದು ನಿಂತದ್ದನ್ನು ಅತ್ತೆ ನೋಡಿದರು. ನಾನು ನೋಡಲಿಲ್ಲ.