ಹೆಬ್ಬೆಟ್ಟಿನಷ್ಟು ಜಾಗ

ಔರಾದ ತಹಸೀಲ ಕಚೇರಿಯಲ್ಲಿ ಪಂಚನಾಮೆ ಬರೆಯುವ ಗುಮಾಸ್ತ ಮನ್ಮಥಪ್ಪನವರು, ಇಬ್ಬರು ಸಾಕ್ಷಿದಾರರು ಒಪ್ಪದಿದ್ದರೆ ಸೂರ್ಯ ಹುಟ್ಟಿದ್ದನ್ನೂ ನಂಬುವವರಲ್ಲ. ರಜೆ ಬಂದರೆ ಹುಲ್ಲುಗಾವಲೆಲ್ಲ ಅಲೆದು, ಕಂಡ ಹಕ್ಕಿ, ಗಿಡಗಳನ್ನು ವಹಿಯಲ್ಲಿ ದಾಖಲು ಮಾಡುತ್ತಾರೆ, ಅದೂ ಕಚೇರಿಯ ಧಾಟಿಯಲ್ಲೇ: "ಚಹರೆ, ಹಳದಿ ಕಾಲು, ಕರಿ ನೆತ್ತಿ. ಹೆಸರು ಕೇಳಲಾಗಿ ಹೇಳದೆ ಫರಾರಿ." ಇಬ್ಬರು ಕಂಡದ್ದು ಶಾಯಿಯಲ್ಲಿ, ತಾವೊಬ್ಬರೇ ಕಂಡದ್ದು ಪೆನ್ಸಿಲಿನಲ್ಲಿ. ಮೊದಲು ವಹಿಯ ತುಂಬ ಶಾಯಿಯೇ ಇತ್ತು; ಪ್ರತಿ ಸಾಲಿನ ಕೊನೆಗೂ ಜೊತೆಗೆ ಅಲೆಯುತ್ತಿದ್ದ ಜಂಗಲ್ ಜವಾನ ದಸ್ತಗೀರಮಿಯಾರ ನೀಲಿ ಹೆಬ್ಬೆಟ್ಟು. ಓದು ಬಾರದಿದ್ದರೂ ಆ ಮನುಷ್ಯ ರೆಕ್ಕೆಯ ಸದ್ದಿಗೇ ಹಕ್ಕಿಯ ಹೆಸರು ಹೇಳುತ್ತಿದ್ದರಂತೆ. ನಿಜಾಮಶಾಹಿ ಮುಗಿದ ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಅವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು, ಎಲ್ಲಿದ್ದಾರೋ ಸುದ್ದಿಯಿಲ್ಲ. ಆಮೇಲಿನ ಮೂರು ವರ್ಷವೂ ಬರೀ ಪೆನ್ಸಿಲು. ಅವರು ಬಾಡಿಗೆಗಿರುವ ನಮ್ಮ ಮನೆಯ ಮಾಳಿಗೆಗೆ ಬರುವ ಕಾಗೆಗೂ ಪೆನ್ಸಿಲೇ. "ಕಾಗಿ ನಾನೂ ನೋಡೇನಲ್ರಿ, ಕೊಡ್ರಿ, ಸಹಿ ಮಾಡ್ತೇನಿ" ಎಂದೆ. "ನಿಮಗ ನೆಲಗುಬ್ಬಿ ಯಾವ್ದು, ಮನಿಗುಬ್ಬಿ ಯಾವ್ದು ಗೊತ್ತದ ಏನ್ರಿ?" ಎಂದು ವಹಿ ಹಿಂದಕ್ಕೆಳೆದುಕೊಂಡರು. ಪೆನ್ಸಿಲಿನ ಬರಹ ಮಾಸುತ್ತದೆ. ಅದಕ್ಕೇ ಪ್ರತಿ ಅಮಾವಾಸ್ಯೆ ಪಡಸಾಲೆಯಲ್ಲಿ ಕೂತು, ಹಳೆಯ ಸಾಲುಗಳನ್ನು ಮತ್ತೆ ಪೆನ್ಸಿಲಿನಿಂದಲೇ ತೀಡುತ್ತಾರೆ. ಹೊಸ ಸಾಲು ಬರೆದಾಗಲೂ ಅಷ್ಟೇ, ಕೊನೆಗೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಬಿಟ್ಟೇ ವಹಿ ಮುಚ್ಚುತ್ತಾರೆ.