ಸಲೋಮತ್ ಖೋಲಾ ಲಿಫ್ಟ್ ಹಾಕಿಸಿದ್ದು

ಸಲೋಮತ್ ತಾಷ್ಕೆಂಟಿನಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿದವಳು. ನಮ್ಮ ಬೀದಿಗೆಲ್ಲ ಖೋಲಾ, ಅಂದರೆ ಚಿಕ್ಕಮ್ಮ; ಹಾಗಾಗಿ ಬೈಸಿಕೊಳ್ಳುವ ಭಾಗ್ಯವೂ ಬೀದಿಗೆಲ್ಲ ಉಂಟು. ಐವತ್ತು ದಾಟಿದ ನನಗಂತೂ ವಾರಕ್ಕೆರಡು ಸಲ.

ಎರಡು ಗೋಡೆಗಳ ನಡುವೆ, ಕತ್ತೆಗಾಡಿ ತಿರುಗಿಸಲೂ ಜಾಗವಿಲ್ಲದ ನಿವೇಶನದಲ್ಲಿ, ಕೈಲಾಗದ ಬಡ ಮುದುಕರಿಗೆಂದು ನಾಲ್ಕು ಮಹಡಿಯ ಮನೆ ಎದ್ದಿತು. ಕಡಿಮೆ ಬಾಡಿಗೆ, ಆರೈಕೆಗೆ ದಾದಿಯರು. ಕೆಳಗೆ ಅಡುಗೆಮನೆ ಮತ್ತು ಒಂದೇ ಒಂದು ಕೋಣೆ; ಚೀಟಿ ಎತ್ತಿದಾಗ ಅದು ಖೋಲಾಳಿಗೆ ಬಂತು. ಅಷ್ಟರಲ್ಲಿ ಎಂಜಿನಿಯರ್ ಸಂಜರ್, ಜಾಗ ಸಾಲದೆಂದು ನಕ್ಷೆಯಿಂದ ಲಿಫ್ಟನ್ನೇ ಹೊಡೆದುಹಾಕಿದ. ಮೆಟ್ಟಿಲು ಹತ್ತಲಾರದ ಆರು ಮಂದಿ ಊರಾಚೆಯ ವೃದ್ಧಾಶ್ರಮಕ್ಕೆ ಹೋಗಬೇಕಂತೆ. ಅವರಲ್ಲೊಬ್ಬಳು ಗಾಲಿಕುರ್ಚಿಯ ಓಯ್ದಿನ್, ಖೋಲಾಳ ಐವತ್ತು ವರ್ಷದ ಗೆಳತಿ. ನನಗೆ ಮೈಯೆಲ್ಲ ಉರಿಯಿತು. ಖೋಲಾ ಮಾತ್ರ ಸಂಜರನನ್ನು ಊಟಕ್ಕೆ ಕರೆದಳು.

ಊಟ ನಾಲ್ಕನೇ ಮಹಡಿಯಲ್ಲಿ. ಉಳಿದ ಹನ್ನೆರಡು ಅತಿಥಿಗಳೂ ಎಪ್ಪತ್ತು ದಾಟಿದವರು. ನಮ್ಮಲ್ಲಿ ಕೂಟದ ಕಿರಿಯನೇ ಚಹಾ ಬಡಿಸಬೇಕು. ಅದೂ ಬಟ್ಟಲ ತಳ ಮುಚ್ಚುವಷ್ಟು ಮಾತ್ರ. ತುಂಬಿಸಿಕೊಟ್ಟರೆ ‘ಕುಡಿದು ಎದ್ದುಹೋಗಿ’ ಎಂದಂತೆ. ಮೂವತ್ತರ ಸಂಜರ್ ಮರ್ಯಾದಸ್ಥ. ಅವನು ಗುಟುಕು ಗುಟುಕಾಗಿ ಸುರಿದ, ಮುದುಕರು ಹೀರಿ ಹೀರಿ ಬಟ್ಟಲು ಚಾಚಿದರು. ಪುಟ್ಟ ಕೆಟಲ್ ಬರಿದಾಯಿತು. ನೀರು ಕಾಯಿಸುವ ಹಂಡೆ, ಸಮೋವರ್, ಇದ್ದದ್ದು ಕೆಳಗೆ, ಅಂಗಳದಲ್ಲಿ.

ನಾನು ಅದಕ್ಕೆ ಕೆಂಡ ಹಾಕುತ್ತಿದ್ದೆ. ಓಯ್ದಿನ್ ಪಕ್ಕದಲ್ಲೇ ಕೂತು, ಸಂಜರ್ ಇಳಿದು ತಂದಾಗಲೆಲ್ಲ ಕೆಟಲ್ ತುಂಬಿಸಿ ಅವನನ್ನು ಕೆಣಕುತ್ತಿದ್ದಳು.

“ಏನಪ್ಪಾ ಎಂಜಿನಿಯರೇ, ಮತ್ತೆ ಬಂದ್ಯಾ? ನನ್ ಮೇಲೇನಾದ್ರೂ ಮನಸ್ಸಾಗಿದ್ಯಾ?”

“ಅಯ್ಯೋ ಓಯ್ದಿನ್ ಖೋಲಾ, ಮೊಣಕಾಲು ಬಿದ್ದೇ ಹೋಯ್ತು!”

“ಬೀಳಕ್ಕಾದ್ರೂ ನಿಂಗೆ ಇದ್ಯಲ್ಲ. ಹೂಂ, ಹತ್ತು ಹತ್ತು.”

ಮೇಲಿನಿಂದ ಸಲೋಮತ್ ಖೋಲಾಳ ಕೂಗು: “ಎಲ್ಲಿ ಹೋದ್ಯೋ ಮಗನೇ? ಹಿರೀರ ಗಂಟಲು ಒಣಗ್ತಿದೆ!”

ಒಂಬತ್ತನೇ ಸಲಕ್ಕೆ ಅವನು ಸಮೋವರ್ ಪಕ್ಕ ಕುಸಿದು ಕೂತ. ಕೂಗಿದರೂ ಏಳದಾದಾಗ ಖೋಲಾ ತಾನೇ ಇಳಿದು ಬಂದಳು.

“ಸಾಕು ಮಾಡಿ ಖೋಲಾ, ಲಿಫ್ಟ್ ಹಾಕ್ತೀನಿ. ಮೇಲೆಲ್ಲ ಉಗ್ರಾಣ ಒಡೆದ್ರೆ ಜಾಗ ಆಗುತ್ತೆ. ಆದ್ರೆ ಕೆಳಗೆ...” ಅವನು ತಲೆ ತಗ್ಗಿಸಿದ. “ಕೆಳಗೆ ಹೋಗೋದು ನಿಮ್ಮ ರೂಮು.”

ಆ ಕೋಣೆಗೆ ಅವಳು ನಾಲ್ಕು ವರ್ಷ ಕಾದಿದ್ದಳು. ಖೋಲಾ ಆ ಬಾಗಿಲ ಕಡೆ ಒಂದು ಗಳಿಗೆ ನೋಡಿದಳು.

“ಒಡೆದುಹಾಕು. ಮೇಲೆ ಓಯ್ದಿನ್ ರೂಮಲ್ಲಿ ನಂಗೆ ಇನ್ನೊಂದು ಮಂಚ ಹಾಕ್ಸು.”

“ನನ್ನ ಒಂದು ಮಾತು ಕೇಳಿದ್ಯೇನೇ?” ಓಯ್ದಿನ್ ಸಿಡುಕಿದಳು. ಆಮೇಲೆ ಅಂಗೈಯಲ್ಲೇ ಕಣ್ಣೊರೆಸಿಕೊಂಡಳು. “ಕಿಟಕಿ ಕಡೆ ಮಂಚ ನಂದು. ಈಗ್ಲೇ ಹೇಳ್ಬಿಟ್ಟಿದ್ದೀನಿ.”